ಆಗ್ನೇಯ ಮೂಲೆಯ ಎರಡು ಯುಪಿಎಸ್

ಎರಡು ಯುಪಿಎಸ್‌ಗಳನ್ನು ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಇಟ್ಟರೆ ಅವು ಲೆಕ್ಕಕ್ಕೆ ಎರಡು, ಕಷ್ಟಕಾಲಕ್ಕೆ ಒಂದು. ಇಷ್ಟು ಸಣ್ಣ ಮಾತನ್ನು ಒಬ್ಬ ಮನುಷ್ಯನ ತಲೆಗೆ ಇಳಿಸಲು ನಾನು ಒಂದು ಇಡೀ ಬೇಸಿಗೆ ಪೀಣ್ಯಕ್ಕೆ ಅಲೆದಿದ್ದೇನೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನನ್ನ ಕೆಲಸ ಸರ್ವರ್ ಕೋಣೆಗಳಿಗೆ ಕರೆಂಟಿನ ಯೋಜನೆ ಹಾಕಿಕೊಡುವುದು. ಯಾವ ಯಂತ್ರಕ್ಕೆ ಎಷ್ಟು ಲೋಡು, ಯಾವ ವೈರು ಎಲ್ಲಿಂದ ಹೋಗಬೇಕು, ಒಂದು ಕೆಟ್ಟರೆ ಇನ್ನೊಂದು ಹೇಗೆ ಹೊರಬೇಕು ಎಂಬುದೆಲ್ಲ ನನ್ನ ತಲೆನೋವು. ಪೀಣ್ಯದ ಆ ಕಟ್ಟಡದಲ್ಲಿದ್ದದ್ದು ಆಂಬುಲೆನ್ಸಿಗಾಗಿ ಬರುವ ಕರೆಗಳನ್ನು ನೋಡಿಕೊಳ್ಳುವ ಒಂದು ಖಾಸಗಿ ಕಂಪನಿ. ಅವರ ಹಳೆಯ ವ್ಯವಸ್ಥೆ ನೋಡಲು ಹೋದ ಮೊದಲ ದಿನವೇ ಕರೆಂಟು ಹೋಯಿತು. ಇದ್ದ ಒಂದೇ ಒಂದು ಯುಪಿಎಸ್ ಒಂದೆರಡು ಸಲ ಕೀ ಎಂದು ಕೂಗಿ ಸತ್ತಿತು. ಕರೆ ಎತ್ತುವವರ ಹಾಲ್‌ನಲ್ಲಿ ಎಲ್ಲರ ಪರದೆಯೂ ಕಪ್ಪಾಯಿತು. ಮೊಬೈಲಿಗೆ ತಿರುಗಿದ ಕರೆಯನ್ನು ಎತ್ತಿಕೊಂಡ ಗದಗದ ಕಡೆಯ ಹೆಣ್ಣುಮಗಳೊಬ್ಬಳು, "ಅಡ್ರೆಸ್ ಇನ್ನೊಮ್ಮೆ ಹೇಳ್ರಿ ಸರ್, ಲಗೂನ ಹೇಳ್ರಿ" ಎನ್ನುತ್ತಾ, ಜಡೆಗೆ ಸಿಕ್ಕಿಸಿದ್ದ ಪೆನ್ನು ಕಿತ್ತು ಅಂಗೈ ಮೇಲೆ ಬರೆದುಕೊಂಡಳು. ಯಾವ ಗಾಡಿ ಎಲ್ಲಿದೆ ಎಂದು ತೋರಿಸುವ ಪರದೆ ಇಲ್ಲ. ಒಬ್ಬೊಬ್ಬ ಡ್ರೈವರಿಗೂ ಫೋನು ಮಾಡಿ "ಎಲ್ಲಿದ್ದೀರಣ್ಣ" ಎಂದು ಕೇಳತೊಡಗಿದಳು. ಆ ಕಡೆ ಯಾರದೋ ಎದೆನೋವು ಕಾಯುತ್ತಿತ್ತು. ಈಕೆ ಇನ್ನು ಅಂಗೈ ಮೇಲೆ ಬರೆಯಬಾರದು ಎಂದು ನಾನು ಅಲ್ಲೇ ತೀರ್ಮಾನ ಮಾಡಿದೆ.

ಯೋಜನೆ ಕಷ್ಟದ್ದೇನಲ್ಲ. ಪ್ರತಿ ಸರ್ವರಿಗೂ ಎರಡು ಪವರ್ ಸಪ್ಲೈ. ಒಂದಕ್ಕೆ ಮೊದಲ ಯುಪಿಎಸ್‌ನಿಂದ ಕರೆಂಟು, ಇನ್ನೊಂದಕ್ಕೆ ಎರಡನೆಯದರಿಂದ. ಒಂದು ಸತ್ತರೆ ಇನ್ನೊಂದು ಇಡೀ ಭಾರ ಹೊರಬೇಕು, ಹಾಗಾಗಿ ಉಳಿದ ದಿನಗಳಲ್ಲಿ ಎರಡೂ ಅರ್ಧ ಹೊಟ್ಟೆಯಲ್ಲೇ ಇರಬೇಕು. ಮತ್ತು ಎರಡೂ ಬೇರೆ ಬೇರೆ ಕೋಣೆಯಲ್ಲಿರಬೇಕು. ಯಂತ್ರ, ವೈರು, ಬ್ಯಾಟರಿ ಎಲ್ಲಕ್ಕೂ ಮಾಲೀಕರು ತಕರಾರಿಲ್ಲದೆ ಒಪ್ಪಿದರು. ಕೋಣೆಯ ಮಾತು ಬಂದಾಗ ಮಾತ್ರ ತಲೆ ಅಲ್ಲಾಡಿಸಿದರು.

ಆ ಮಾಲೀಕರು ಅದೇ ಊರಿನ ಹಳೆಯ ಕುಟುಂಬದವರು. ತಮ್ಮ ರಾಗಿ ಹೊಲವಿದ್ದ ಜಾಗದಲ್ಲೇ ಕಟ್ಟಡ ಎಬ್ಬಿಸಿದ್ದರು. ಒಳ್ಳೆಯ ಮನುಷ್ಯ, ಊಟ ಮಾಡಿಸದೆ ಯಾರನ್ನೂ ಕಳಿಸುವವರಲ್ಲ. ಅದೇ ನನ್ನ ದುರದೃಷ್ಟ, ಕೆಟ್ಟವರಾಗಿದ್ದರೆ ಜಗಳವಾಡಿ ಎದ್ದು ಬರಬಹುದಿತ್ತು.

"ಮೇಡಮ್ಮೋರೆ, ಕರೆಂಟು ಅಂದ್ರೆ ಅಗ್ನಿ. ಅಗ್ನಿ ಇರಬೇಕಾದ್ದು ಆಗ್ನೇಯ ಮೂಲೇಲಿ. ಒಂದನ್ನ ಇಲ್ಲಿಟ್ಟು ಇನ್ನೊಂದನ್ನ ಅಲ್ಲಿಟ್ರೆ ಮನೇಲಿ ಎಲ್ಡು ಕಡೆ ಒಲೆ ಅಚ್ಚಿದಂಗಾಯ್ತದೆ" ಎಂದರು.

"ಸಾರ್, ಒಂದೇ ಕೋಣೇಲಿಟ್ಟು ಅಲ್ಲಿ ಏನಾದ್ರೂ ಆದ್ರೆ ಎರಡೂ ಹೋಗ್ತವೆ. ಆಮೇಲೆ ಎರಡು ತಗೊಂಡಿದ್ದು ಯಾಕೆ?" ಎಂದೆ.

"ನೀವ್ ಯೋಳಿದ್ರಲ್ಲ, ಅದುಕ್ಕೆ."

ಅವರ ಅಗ್ನಿ ಶಾಸ್ತ್ರ ಅಲ್ಲಿಗೇ ನಿಲ್ಲಲಿಲ್ಲ. ಅಡುಗೆಯೂ ಅಗ್ನಿಯೇ ಅಲ್ಲವೇ? ಆದ್ದರಿಂದ ಕೆಳಗೆ ಆಗ್ನೇಯದಲ್ಲಿ ನನ್ನ ಯುಪಿಎಸ್ ಕೋಣೆ, ಮೊದಲ ಮಹಡಿಯ ಆಗ್ನೇಯದಲ್ಲಿ, ಸರಿಯಾಗಿ ಅದರ ನೆತ್ತಿಯ ಮೇಲೆ, ಸಿಬ್ಬಂದಿಯ ಅಡುಗೆಮನೆ. ಅಡುಗೆಮನೆ ಎಂದರೆ ಸಿಂಕು, ಸಿಂಕು ಎಂದರೆ ನೀರು. ನಕ್ಷೆಯಲ್ಲಿ ಆ ಸಿಂಕಿಗೆ ಕೆಂಪು ಸುತ್ತು ಹಾಕಿ ಮೂರು ಸಲ ಕಳಿಸಿದೆ. "ಪೈಪು ಒಸಾದು ಮೇಡಮ್ಮೋರೆ, ಅದ್ಯಾಕ್ ಸೋರ್ತದೆ?" ಎಂದು ನಕ್ಕರು. ಲೋಡಿನ ಲೆಕ್ಕ ತೋರಿಸಿದೆ, ಬೇರೆ ಕಡೆ ಆದ ಅನಾಹುತಗಳನ್ನು ವರ್ಣಿಸಿದೆ, ಅಂಗೈ ಮೇಲೆ ಬರೆದುಕೊಂಡ ಹೆಣ್ಣುಮಗಳನ್ನು ನೆನಪಿಸಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕೊನೆಗೆ ಎರಡೂ ಅಲ್ಲೇ ಕೂತವು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಮದುವೆಯ ಹಸೆಯ ಮೇಲಿನ ಜೋಡಿಯ ಹಾಗೆ.

ಸಿಂಕು ಕೈಕೊಟ್ಟದ್ದು ಒಂದು ಬೆಳಿಗ್ಗೆ. ಅಡುಗೆಯ ಅಕ್ಕ ಇಡ್ಲಿ ಪಾತ್ರೆ ತೊಳೆಯಲು ನಿಂತಿದ್ದರಂತೆ. ಸಿಂಕಿನ ಕೆಳಗಿನ ಪೈಪು ಕಳಚಿಕೊಂಡು ನೀರೆಲ್ಲ ನೆಲಕ್ಕೆ ಹರಿದಿದೆ, ಅಲ್ಲಿಂದ ವೈರು ಇಳಿಸಲು ಕೊರೆದಿದ್ದ ತೂತಿನ ಮೂಲಕ ಕೆಳಗೆ. ಮೊದಲು ಒಂದು ಯುಪಿಎಸ್ ಢಂ ಎಂದಿತು. ಅದನ್ನು ನೋಡಲು ಜನ ಓಡುವಷ್ಟರಲ್ಲಿ ಇನ್ನೊಂದೂ ಹೋಯಿತು. ನಾನು ತಲುಪಿದಾಗ ಕೋಣೆಯಲ್ಲಿ ಸುಟ್ಟ ವಾಸನೆ, ನೆಲದ ಮೇಲೆ ಹಿಟ್ಟಿನ ಬಿಳಿ ನೀರು. ಮೇಲೆ ಹೋದೆ. ಹಾಲ್‌ನಲ್ಲಿ ಗದಗದ ಆ ಹೆಣ್ಣುಮಗಳು ತನ್ನ ಕುರ್ಚಿಯಲ್ಲೇ ಕೂತಿದ್ದಳು. ಅಂಗೈ ಮೇಲೆ ನೀಲಿ ಶಾಯಿ: ಲಗ್ಗೆರೆ, ಎರಡನೇ ಕ್ರಾಸ್, ರೇಷನ್ ಅಂಗಡಿ ಪಕ್ಕ.

"ಬಾಣಂತನಕ್ಕ ಬಂದಾಕಿ ಇದ್ಲ್ರಿ ಮೇಡಂ. ನಮ್ಮ ಗಾಡಿ ಹೋಗೂದ್ರಾಗ ಆಟೋದಾಗ ಹೆರಿಗಿ ಆಗೇತಿ" ಎಂದಳು. ತಾಯಿ ಮಗು ಇಬ್ಬರೂ ಕ್ಷೇಮವಂತೆ. ಅದು ಅವರ ಪುಣ್ಯ, ನಮ್ಮ ಸರ್ವರಿನದಲ್ಲ. ನನಗೆ ಅಳು ಬಂತು, ಸಿಟ್ಟಿಗೆ.

ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವ ಹಾಗೆ, ಮಾಲೀಕರು ಆ ವಾರವೇ ವಾಸ್ತು ಹೇಳುವ ಜೋಯಿಸರನ್ನು ಕರೆಸಿದರು. ನನ್ನನ್ನೂ ಕರೆದರು. ಜೋಯಿಸರು ಮೊಬೈಲಿನ ದಿಕ್ಸೂಚಿ ಹಿಡಿದು ಕೋಣೆ ಸುತ್ತಿದರು, ಮೇಲಿನ ಸಿಂಕು ನೋಡಿದರು, ಕಾಫಿ ಕುಡಿದರು.

"ಅಗ್ನಿಗೆ ಆಗ್ನೇಯ ಶ್ರೇಷ್ಠ. ಅಲ್ಲಿ ಆಗದಿದ್ರೆ ವಾಯವ್ಯ. ಒಂದನ್ನ ಅಲ್ಲಿಗೆ ಹಾಕಿ, ದೋಷ ಇಲ್ಲ. ಇದನ್ನ ಮೊದಲೇ ಯಾರೂ ಕೇಳ್ಲಿಲ್ವಲ್ಲ" ಎಂದರು.

"ಇಷ್ಟೇಯಾ? ನಾಳೇನೇ ಎತ್ತಿಸ್ತೀನಿ. ಆ ಸಿಂಕೂ ಎತ್ತಿಸ್ತೀನಿ" ಎಂದರು ಮಾಲೀಕರು.

ಆಗ್ನೇಯಕ್ಕೆ ವಾಯವ್ಯ ನೇರ ಎದುರು ಮೂಲೆ. ಆ ಕಟ್ಟಡದಲ್ಲಿ ಎರಡು ಯಂತ್ರಗಳನ್ನು ಅದಕ್ಕಿಂತ ದೂರ ಇಡಲು ಸಾಧ್ಯವೇ ಇಲ್ಲ. ನನಗೆ ಬೇಕಾದದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಆದರೂ ಖುಷಿಯಾಗಲಿಲ್ಲ. ಇಡೀ ಬೇಸಿಗೆ ನಾನು ಗಂಟಲು ಹರಿದುಕೊಂಡರೂ ಆಗದ್ದು ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಆಗಿಹೋಗಿತ್ತು. ಕರೆಂಟು ಎಲ್ಲಿರಬೇಕು ಎಂದು ನಾನು ಜೋಯಿಸರನ್ನು ಯಾಕೆ ಕೇಳಬೇಕಿತ್ತು? ಮನೆಗೆ ಬರುವ ದಾರಿಯುದ್ದಕ್ಕೂ ಸ್ಟಿಯರಿಂಗ್ ಗುದ್ದಿಕೊಂಡು ಬಂದೆ.

ಹೊಸ ಜಾಗದಲ್ಲಿ ಕೆಲಸ ಮುಗಿದ ಮೇಲೆ ಪರೀಕ್ಷೆ ಮಾಡಿದೆವು. ಮಾಲೀಕರ ಎದುರಿಗೇ ಆಗ್ನೇಯದ ಯುಪಿಎಸ್ ಅನ್ನು ನನ್ನ ಕೈಯಾರೆ ಆರಿಸಿ ಮೇಲೆ ಹೋದೆ. ಒಂದು ಪರದೆಯೂ ಮಿಟುಕಲಿಲ್ಲ. ಆ ಹೆಣ್ಣುಮಗಳು ಯಾರಿಗೋ ಆರಾಮಾಗಿ ದಾರಿ ಹೇಳುತ್ತಿದ್ದಳು. ಕರೆ ಮುಗಿಸಿ ನನ್ನ ಕಡೆ ತಿರುಗಿ, ಜಡೆಯ ಪೆನ್ನು ತೆಗೆದು ತೋರಿಸಿದಳು.

"ಇನ್ನ ಇದನ್ನ ಮನ್ಯಾಗ ಇಟ್ಟ ಬರ್ಲೇನ್ರಿ ಮೇಡಂ?"

ಹೂಂ ಎನ್ನಲು ಬಾಯಿ ತೆರೆದೆ. ಕೆಳಗೆ ಮಾಲೀಕರು ಹೊಸ ಜನರೇಟರ್ ಯಾವ ಮೂಲೆಗೆ ಒಳ್ಳೆಯದು ಎಂದು ಫೋನಿನಲ್ಲಿ ಯಾರನ್ನೋ ವಿಚಾರಿಸುತ್ತಿದ್ದದ್ದು ಮೇಲಕ್ಕೂ ಕೇಳಿಸಿತು.

"ಇಟ್ಕೊಂಡಿರಮ್ಮ. ಈ ಬಿಲ್ಡಿಂಗಲ್ಲಿ ಇನ್ನೂ ಆರು ದಿಕ್ಕು ಬಾಕಿ ಇದೆ" ಎಂದೆ.

ಅವಳು ನಗುತ್ತಾ ಪೆನ್ನನ್ನು ಮತ್ತೆ ಜಡೆಗೆ ಸಿಕ್ಕಿಸಿಕೊಂಡಳು. ನನಗೆ ನಗು ಬರಲಿಲ್ಲ.