ಬೇಲಿಯಾಚೆಯವರಿಗೆ ಎಳ್ಳುನೀರು

ಮಹಾಲಯಕ್ಕೆ ಕರಿ ಎಳ್ಳು ತರಲು ಮೊನ್ನೆ ಗ್ರೋಸರಿಗೆ ಹೋದವನು ಒಣ ಏಪ್ರಿಕಾಟ್ ಹಣ್ಣಿನ ಡಬ್ಬದ ಮುಂದೆ ಸುಮ್ಮನೆ ನಿಂತುಬಿಟ್ಟೆ. ಹುಳಿಯೋ ಸಿಹಿಯೋ ಹೇಳಲಾಗದ ಅದೇ ವಾಸನೆ... ಎವರ್‌ಗ್ರೀನ್ ಎಂಬ ಅಮೆರಿಕದ ಈ ಬಡಾವಣೆಯ ನಮ್ಮ ಹಿತ್ತಲಿನ ಬೇಲಿಯಾಚೆ ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಬೇಸಿಗೆಯಲ್ಲಿ ತಮ್ಮ ಒಂದೇ ಒಂದು ಮರದ ಹಣ್ಣುಗಳನ್ನು ಸೀಳಿ ಬಿಸಿಲಿಗೆ ಹರಡುತ್ತಿದ್ದರು. ನೂರೈವತ್ತು ವರ್ಷಗಳ ಹಿಂದೆ, ಈ ಬೆಟ್ಟದ ತಪ್ಪಲೆಲ್ಲ ಹಣ್ಣಿನ ತೋಟವಾಗಿದ್ದಾಗ, ಅವರ ಮುತ್ತಜ್ಜಿಯೂ ಇದೇ ಕೆಲಸ ಮಾಡುತ್ತಿದ್ದಳಂತೆ.

ನಮ್ಮ ಸ್ನೇಹ ಶುರುವಾದದ್ದೇ ತರ್ಪಣದಿಂದ. ಒಂದು ಮಹಾಲಯದ ಬೆಳಿಗ್ಗೆ ನಾನು ಹಿತ್ತಲಲ್ಲಿ ಕೂತು ಎಳ್ಳುನೀರು ಬಿಡುತ್ತಿದ್ದೆ. ಯಾರೊಡನೆ ಮಾತು ಎಂದು ಅಜ್ಜಿ ಬೇಲಿಯ ಮೇಲಿಂದ ಇಣುಕಿ ಕೇಳಿದರು. ಅಮ್ಮ, ಅಜ್ಜಿ, ಮುತ್ತಜ್ಜಿಯರ ಹೆಸರು ಹೇಳಿ ನೀರು ಕೊಡುತ್ತಿದ್ದೇನೆ ಎಂದೆ. ಅವರ ಮುಖ ಸಪ್ಪಗಾಯಿತು.

“ನನ್ನ ಮುತ್ತಜ್ಜಿಯ ಸಮಾಧಿ ಕಲ್ಲಿನಲ್ಲಿ ಗಂಡನ ಹೆಸರು ಹಾಕಿ, ‘ಇವನ ಹೆಂಡತಿ’ ಅಂತ ಮಾತ್ರ ಇದೆ. ಅವಳ ಹೆಸರೇ ನಮಗೆ ಗೊತ್ತಿಲ್ಲ,” ಎಂದರು.

ಸಾಯುವುದರೊಳಗೆ ಅದನ್ನು ಹುಡುಕಿ ಕಲ್ಲಿಗೆ ಕೆತ್ತಿಸಬೇಕು, ಅಷ್ಟೇ ಅವರ ಆಸೆ. ಕಣ್ಣು ಮಂಜಾಗಿ ಕಾರು ಓಡಿಸುವುದನ್ನು ನಿಲ್ಲಿಸಿದ್ದರು. ಹಾಗಾಗಿ ನಾನು ಸಾರಥಿಯಾದೆ. ವಾರವಿಡೀ ಮೀಟಿಂಗು, ಫ್ರೀವೇ. ಶನಿವಾರ ಬಂದರೆ ಸ್ಮಶಾನ, ಚರ್ಚು, ಹಳೇ ದಾಖಲೆಗಳ ಕಚೇರಿ. “ಬದುಕಿರೋ ನೆಂಟರ ಮನೆಗೆ ಹೋಗೋಕೆ ಮಾತ್ರ ನಿಮಗೆ ಪುರುಸೊತ್ತಿಲ್ಲ,” ಎಂದು ಹೆಂಡತಿ ಗೊಣಗುತ್ತಿದ್ದಳು. ಸುಳ್ಳೇನಲ್ಲ. ಸಾಕುಸಾಕಾಗುತ್ತಿತ್ತು. ಎಲ್ಲಿ ಹೋದರೂ ಸಿಗುತ್ತಿದ್ದುದು ಗಂಡ, ಗಂಡನ ಜಮೀನು, ಗಂಡುಮಕ್ಕಳು. ಮದುವೆಯಾದ ಚರ್ಚು ಎಂದೋ ಸುಟ್ಟುಹೋಗಿತ್ತು. ಜನಗಣತಿಯವನು ಅವಳ ಹೆಸರಿನ ಮೊದಲಕ್ಷರ ಬರೆದು ಚುಕ್ಕೆ ಇಟ್ಟಿದ್ದ. ವಾಪಸ್ ಬರುವಾಗ ದಾರಿಯುದ್ದಕ್ಕೂ ಅಜ್ಜಿ ಆ ಒಂದಕ್ಷರ ಹಿಡಿದು ಮೇರಿ, ಮಾರ್ಥಾ, ಮಟಿಲ್ಡಾ ಎಂದು ಕರೆದು ನೋಡುತ್ತಿದ್ದರು, ಯಾವುದಕ್ಕಾದರೂ ಅವಳು ಓಗೊಟ್ಟಾಳು ಎಂಬ ಹಾಗೆ.

“ನೀನು ಪುಣ್ಯವಂತ, ನಿನಗೆಲ್ಲ ಬಾಯಿಪಾಠ,” ಎಂದರು ಒಮ್ಮೆ.

ನನಗೂ ಜಂಬ. ನಮ್ಮ ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಮದುವೆಯ ದಿನ ಹುಡುಗಿಗೆ ಹೊಸ ಹೆಸರಿಡುತ್ತಿದ್ದರು, ಹರಿವಾಣದ ಅಕ್ಕಿಯಲ್ಲಿ ಗಂಡ ಉಂಗುರದಿಂದ ಅದನ್ನು ಬರೆಯುತ್ತಿದ್ದ ಎಂದು ವರ್ಣಿಸತೊಡಗಿದೆ.

“ಅದಕ್ಕೂ ಮೊದಲು ನಿನ್ನ ಅಜ್ಜಿಯ ಹೆಸರೇನಿತ್ತು?”

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಎಳ್ಳುನೀರು ಬಿಟ್ಟವನಿಗೆ ಆ ಪ್ರಶ್ನೆಯೇ ಹೊಳೆದಿರಲಿಲ್ಲ. ಮನೆಗೆ ಬಂದವನೇ ಮಂಗಳೂರಿಗೆ, ನನ್ನ ಸೋದರತ್ತೆಗೆ ಫೋನ್ ಮಾಡಿದೆ. “ಅದೆಲ್ಲ ಯಾರಿಗೆ ನೆನಪುಂಟು ಮಾರಾಯ? ನಾವು ಅಮ್ಮ ಅಂತ ಕರೆದದ್ದು, ಅಷ್ಟೇ,” ಎಂದರು ಅತ್ತೆ. ಅಜ್ಜಿಯನ್ನು ಹುಟ್ಟಿದ ಹೆಸರಿನಿಂದ ಕರೆದವರು ಒಬ್ಬರೂ ಉಳಿದಿರಲಿಲ್ಲ.

ಮರುದಿನ ಬೇಲಿಯ ಬಳಿ ಅದನ್ನು ಹೇಳಿದಾಗ ಪಕ್ಕದ ಮನೆಯಜ್ಜಿ ಒಂದು ಹಿಡಿ ಒಣ ಹಣ್ಣು ನನ್ನ ಕೈಗೆ ಹಾಕಿದರು, ಸಾವಿನ ಮನೆಗೆ ತಿನಿಸು ಹಿಡಿದು ಬರುವ ಇಲ್ಲಿಯವರ ಹಾಗೆ.

ಮುಂದಿನ ಹಣ್ಣಿನ ಕಾಲಕ್ಕೆ ಅವರಿರಲಿಲ್ಲ. ಮಗ ಬಂದು ಮನೆ ಮಾರಿದ. ಕೊಂಡವರು ಮರ ಕಡಿಸಿದರು. ಮುತ್ತಜ್ಜಿಯ ಕಲ್ಲಿನಲ್ಲಿ ಈಗಲೂ ಗಂಡನ ಹೆಸರೊಂದೇ...

ತರ್ಪಣದ ಕೊನೆಯಲ್ಲಿ, ನೀರು ಕೊಡಲು ಯಾರೂ ಇಲ್ಲದವರಿಗೆ, ಹೆಸರು ತಿಳಿಯದವರಿಗೆ ಎಂದು ಒಂದು ಬೊಗಸೆ ಇರುತ್ತದೆ. ಮೊದಲೆಲ್ಲ ಅದನ್ನು ಏಳುವ ಅವಸರದಲ್ಲಿ ಬಿಡುತ್ತಿದ್ದೆ. ಈ ಸಲ ನಿಧಾನವಾಗಿ ಬಿಟ್ಟೆ. ಅವರ ಮುತ್ತಜ್ಜಿಗೆ, ಅಕ್ಕಿಯಲ್ಲಿ ಹೊಸ ಹೆಸರು ಬರೆಯುವ ಮೊದಲಿನ ನನ್ನ ಅಜ್ಜಿಗೆ.

ಆಮೇಲೆ ಇನ್ನೊಂದು ಬೊಗಸೆ ತುಂಬಿ ಪಕ್ಕದ ಮನೆಯಜ್ಜಿಯ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಯಾರೊಡನೆ ಮಾತು ಎಂದು ಬೇಲಿಯಾಚೆಯಿಂದ ಯಾರೂ ಕೇಳಲಿಲ್ಲ.