ಮನೆಮಾತಿನ ಕಾಲಂ

ಕಳೆದ ಅಕ್ಟೋಬರಿನಲ್ಲಿ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಶಾಲಾ ಕಚೇರಿಯಿಂದ ಒಂದು ಕಾಗದ ಬಂತು. ನಿಮ್ಮ ಮಗಳು ಚಿಕ್ಕವಳಿದ್ದಾಗ ನಮ್ಮ ಮಾತಿನ ತರಬೇತಿಗೆ ಬರುತ್ತಿದ್ದಳು, ಆ ಕಾಲದ ಫೈಲುಗಳನ್ನು ಈ ಚಳಿಗಾಲದಲ್ಲಿ ನಾಶ ಮಾಡುತ್ತಿದ್ದೇವೆ, ಬೇಕಿದ್ದರೆ ತಂದೆ ಅಥವಾ ತಾಯಿ ಬಂದು ಸಹಿ ಹಾಕಿ ಒಯ್ಯಬಹುದು ಎಂದಿತ್ತು. ಪಿಜ್ಜಾ ಕೂಪನ್ನುಗಳ ಜೊತೆ ಅದನ್ನೂ ಕಸಕ್ಕೆ ಹಾಕುವವನಿದ್ದೆ. ಮಗಳು ಕೈಯಿಂದ ಕಿತ್ತುಕೊಂಡಳು.

"ಅಪ್ಪಾ, ಇದು ನನ್ನ ಎಸ್ಸೇ!" ಎಂದಳು, ಇಂಗ್ಲಿಷಿನಲ್ಲಿ. ಅವಳು ಆಡುವುದೆಲ್ಲ ಇಂಗ್ಲಿಷಿನಲ್ಲೇ. ಊಟ, ಬಾ, ಸಾಕು, ಅಷ್ಟರ ಆಚೆ ಅವಳಿಗೆ ಕನ್ನಡ ತಿಳಿಯುವುದಿಲ್ಲ.

ಅವಳಿಗೆ ಹದಿನೇಳು. ಕಾಲೇಜಿಗೆ ಅಪ್ಲೈ ಮಾಡುವ ವರ್ಷ. ಅರ್ಜಿಯ ಜೊತೆ ಕಳಿಸುವ ಪ್ರಬಂಧವನ್ನು ಬೇಸಿಗೆಯಿಂದ ತಿದ್ದುತ್ತಿದ್ದಳು. ಅದರ ಕಥೆ ಇಷ್ಟು: ಮೂರು ವರ್ಷದ ಮಗುವಿಗೆ ಮಾತು ತಡವಾಯಿತೆಂದು ಶಾಲೆಯವರು ಮನೆಯಲ್ಲಿ ಕನ್ನಡ ನಿಲ್ಲಿಸಿ ಎಂದರು, ವೀಸಾದ ಮೇಲಿದ್ದ ತಂದೆತಾಯಿ ಹೆದರಿ ನಿಲ್ಲಿಸಿದರು, ಆ ಮಗು ತನ್ನ ಮನೆಯ ಅಡುಗೆಮನೆಯಲ್ಲೇ ಅತಿಥಿಯಂತೆ ಬೆಳೆಯಿತು. ಚೆನ್ನಾಗಿ ಬರೆದಿದ್ದಳು. ಕಥೆಯನ್ನು ಅವಳಿಗೆ ಹೇಳಿದವನು ನಾನೇ. ಮನೆಗೊಂದು ಅಡುಗೆ ತಂದು ಸೇರುವ ಪಾಟ್‌ಲಕ್ಕುಗಳಲ್ಲಿ ಯಾರಾದರೂ "ಇವಳಿಗೆ ಯಾಕೆ ಕನ್ನಡ ಬರಲ್ಲ?" ಎಂದಾಗಲೆಲ್ಲ ಅದನ್ನೇ ಹೇಳುತ್ತ ಬಂದಿದ್ದೆ.

ಅವಳಿಗೆ ಬೇಕಾಗಿದ್ದು ಒಂದೇ ಒಂದು ವಾಕ್ಯ. ಕನ್ನಡ ನಿಲ್ಲಿಸಿ ಎಂದು ಅವರು ಬರೆದಿರುವ ವಾಕ್ಯ. ಅದನ್ನು ಪ್ರಬಂಧದ ಮೊದಲ ಸಾಲಾಗಿ ಇಡಬೇಕೆಂದಿದ್ದಳು.

ಇಲ್ಲಿ ಊರೂರಿಗೂ ಬೇರೆ ಬೇರೆ ಶಾಲಾ ಆಡಳಿತವಿದೆ. ಅವೆಲ್ಲವುಗಳ ಬೆನ್ನಿಗೆ ಇಡೀ ಕೌಂಟಿಗೆಂದು ಒಂದು ವ್ಯವಸ್ಥೆ. ಕಿವಿ ಕೇಳದ ಮಕ್ಕಳು, ಮಾತು ಬಾರದ ಮಕ್ಕಳು, ಹೈಸ್ಕೂಲಿನಲ್ಲೇ ವೆಲ್ಡಿಂಗ್ ಕಲಿಯಬೇಕೆನ್ನುವವರು, ಇಂಥವರನ್ನೆಲ್ಲ ಅದು ನೋಡಿಕೊಳ್ಳುತ್ತದೆ. ಒಂದು ವರ್ಷ ವಾರಕ್ಕೆರಡು ಸಲ ಮಗಳನ್ನು ಅಲ್ಲಿಗೆ ಕರೆದೊಯ್ದಿದ್ದೆ. ನನಗೆ ಆ ಕೋಣೆ ಸ್ಪಷ್ಟವಾಗಿ ನೆನಪಿತ್ತು: ನೀಲಿ ಕಾರ್ಪೆಟ್, ಪ್ಲಾಸ್ಟಿಕ್ ಪ್ರಾಣಿಗಳ ಡಬ್ಬ, ಕಿಟಕಿಯಾಚೆ ಹಿಮ, ಹಳದಿ ಸ್ವೆಟರಿನ ಟೀಚರು. "ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ" ಎಂದು ಆಕೆ ಹೇಳಿದಾಗಿನ ಧ್ವನಿ ಕೂಡ. ನಾನು ಮೈಸೂರಿನಲ್ಲಿ ಭೌತಶಾಸ್ತ್ರ ಓದಿದವನು. ದೇವರಿಗೂ ಪುರಾವೆ ಕೇಳಿದವನು. ಈ ನೆನಪಿಗೆ ಮಾತ್ರ ಎಂದೂ ಕೇಳಿರಲಿಲ್ಲ.

ಒಂದು ಮಧ್ಯಾಹ್ನ ವಿಕ್ಸಮ್‌ನ ನನ್ನ ಆಫೀಸಿನಿಂದ ಬೇಗ ಹೊರಟು ಕೌಂಟಿ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದ ಹೆಂಗಸು ಡ್ರೈವಿಂಗ್ ಲೈಸೆನ್ಸ್ ನೋಡಿ, ಸಹಿ ಹಾಕಿಸಿಕೊಂಡು, ತೆಳ್ಳನೆಯ ಒಂದು ಫೈಲು ಕೊಟ್ಟಳು. ಮನೆ ತಲುಪುವವರೆಗೆ ತಡೆಯಲಾಗದೆ ಪಾರ್ಕಿಂಗ್ ಲಾಟಿನಲ್ಲೇ, ಹೀಟರ್ ಹಾಕಿಕೊಂಡು ಓದಿದೆ.

ಮೊದಲ ಹಾಳೆ ದಾಖಲಾತಿ ಫಾರ್ಮು. ಮನೆಯಲ್ಲಿ ಆಡುವ ಭಾಷೆ ಯಾವುದು ಎಂಬ ಕಾಲಂನಲ್ಲಿ ಮೊದಲು ಕನ್ನಡ ಎಂದು ಬರೆದು, ಅದನ್ನು ಹೊಡೆದುಹಾಕಿ, ಮೇಲೆ ಇಂಗ್ಲಿಷ್ ಎಂದು ಬರೆದಿತ್ತು. ಪಕ್ಕದಲ್ಲಿ ನನ್ನ ಚಿಕ್ಕ ಸಹಿ.

ಅದು ನೆನಪಾಯಿತು. ಪಕ್ಕದೂರು ಕ್ಯಾಂಟನ್‌ನ ಇಂಡಿಯನ್ ಸ್ಟೋರಿನಲ್ಲಿ, ಕರಿಬೇವಿನ ಪ್ಯಾಕೆಟ್ಟುಗಳ ಮುಂದೆ, ನಮಗಿಂತ ಮುಂಚೆ ಬಂದಿದ್ದ ಒಬ್ಬ ಅಂಕಲ್ ಹೇಳಿದ್ದರು: "ಕನ್ನಡ ಅಂತ ಮಾತ್ರ ಬರೀಬೇಡಿ ಮಾರಾಯ್ರೆ. ಇಂಗ್ಲಿಷ್ ಬರದವರ ಕ್ಲಾಸಿಗೆ ತಳ್ಬಿಡ್ತಾರೆ. ಅಲ್ಲಿಂದ ಆಚೆ ಬರೋ ಹೊತ್ತಿಗೆ ಮಗೂಗೆ ಮೀಸೆ ಬಂದಿರತ್ತೆ."

"ನಮ್ದು ಹೆಣ್ಣುಮಗು, ಅಂಕಲ್."

"ಹಾಗಾದ್ರೆ ನಿಮ್ಮ ಮೀಸೆ ಬೆಳ್ಳಗಾಗತ್ತೆ. ಇಂಗ್ಲಿಷ್ ಅಂತ ಹಾಕಿ. ಎಲ್ರೂ ಹಾಗೇ ಹಾಕೋದು."

ನಿಜ, ಎಲ್ಲರೂ ಹಾಗೇ ಹಾಕುತ್ತಿದ್ದರು. ಹಾಕಿ, ಮನೆಗೆ ಹೋಗಿ ಕನ್ನಡದಲ್ಲೇ ಮಕ್ಕಳಿಗೆ ಬೈಯುತ್ತಿದ್ದರು.

ಎರಡನೆಯ ಹಾಳೆ ಟೀಚರಿನ ಟಿಪ್ಪಣಿ. ಪ್ಲಾಸ್ಟಿಕ್ ಆನೆಯನ್ನು ತೋರಿಸಿದಾಗ ಮಗು ಮೆಲ್ಲಗೆ ಏನೋ ಹೇಳಿತು. ಅದನ್ನು ಕಿವಿಗೆ ಬಿದ್ದಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಿದ್ದಳು. ಆನೆ. ಮುಂದಿನ ಸಾಲು: ಇದು ಬೇರೆ ಭಾಷೆಯ ಪದವೇ ಎಂದು ತಂದೆಯನ್ನು ಕೇಳಿದೆ. ಅಲ್ಲ, ಮಗು ತಾನೇ ಹುಟ್ಟಿಸಿಕೊಂಡ ಶಬ್ದ ಎಂದರು. ಉತ್ತರ ತಪ್ಪು ಎಂದು ಗುರುತಿಸಿದ್ದೇನೆ.

ಕೊನೆಯ ಹಾಳೆಯಲ್ಲಿ ಸಲಹೆಗಳು. ಮನೆಯಲ್ಲಿ ಬೇರೆ ಭಾಷೆ ಇದ್ದರೆ ದಯವಿಟ್ಟು ಅದನ್ನು ಮುಂದುವರಿಸಿ, ಅದರಿಂದ ಮಗುವಿಗೆ ತೊಂದರೆಯಿಲ್ಲ ಎಂದಿತ್ತು. ಸಲಹೆ ಕೊಟ್ಟ ತಾರೀಖು ಸೆಪ್ಟೆಂಬರಿನದು. ಸೆಪ್ಟೆಂಬರಿನಲ್ಲಿ ಇಲ್ಲಿ ಹಿಮ ಬೀಳುವುದಿಲ್ಲ.

ಮನೆಗೆ ಬಂದಾಗ ಹೆಂಡತಿ ಒಗ್ಗರಣೆಗೆ ಎಣ್ಣೆ ಇಟ್ಟಿದ್ದಳು. ಮಗಳು ಬ್ಯಾಂಡ್ ಪ್ರಾಕ್ಟೀಸಿನಿಂದ ಇನ್ನೂ ಬಂದಿರಲಿಲ್ಲ.

"ಸಿಕ್ತಾ?"

"ಸಿಕ್ತು. ನಿಲ್ಲಿಸಿ ಅಂತ ಅವ್ರು ಹೇಳೇ ಇಲ್ಲ."

ಅವಳು ಸ್ಟೌವ್ ಆರಿಸಿದಳು. "ಗೊತ್ತು."

"ಗೊತ್ತಾ?"

"ಆ ಟೀಚರ್ ಒಂದು ಹಾಳೆ ಕಳ್ಸಿದ್ರಲ್ಲ, ಓದಿ ನಿಮಗೂ ತೋರಿಸ್ದೆ. ನೀವು ಏನಂದ್ರಿ ಗೊತ್ತಾ? ಇಂಗ್ಲಿಷ್ ಅಂತ ಬರ್ದಾಗಿದೆ, ಆಮೇಲೆ ಆ ಟೀಚರ್ ಮುಂದೆ ಸುಳ್ಳೂ ಹೇಳಾಗಿದೆ, ಈಗ ತಿದ್ದೋಕೆ ಹೋದ್ರೆ ಗ್ರೀನ್ ಕಾರ್ಡ್‌ಗೆ ಪ್ರಾಬ್ಲಮ್ ಆಗತ್ತೆ ಅಂದ್ರಿ. ಅದರ ಬದ್ಲು ಮಗು ಹತ್ರ ಇಂಗ್ಲಿಷೇ ಆಡೋಣ, ಆಗ ಬರ್ದಿದ್ದು ನಿಜ ಆಗತ್ತೆ ಅಂದ್ರಿ."

ಆ ಮಾತು ನನ್ನದೇ ಎಂದು ಕೇಳಿದ ಕೂಡಲೇ ಗೊತ್ತಾಯಿತು, ಆಡಿದ್ದು ನೆನಪಿಗೆ ಬರದಿದ್ದರೂ. ಆ ದಿನಗಳಲ್ಲಿ ನಾವು ಬದುಕಿದ್ದೇ ಹಾಗೆ. ಒಂದು ಅರ್ಜಿಯಲ್ಲಿ ಬರೆದದ್ದು ಇನ್ನೊಂದರ ಜೊತೆ ತಾಳೆಯಾಗಬೇಕು, ಬಾಯಲ್ಲಿ ಹೇಳಿದ್ದು ಎರಡರ ಜೊತೆಗೂ. ಕಾಗದಕ್ಕೂ ಮನೆಗೂ ವ್ಯತ್ಯಾಸ ಬಂದರೆ ತಿದ್ದಬೇಕಾದದ್ದು ಮನೆಯನ್ನು. ಶಾಲೆಯ ಫಾರ್ಮನ್ನು ವೀಸಾ ಆಫೀಸಿನವರು ಯಾಕೆ ನೋಡುತ್ತಾರೆ ಎಂದು ಓದಿದ ತಲೆಗೆ ಹೊಳೆಯಲೇ ಇಲ್ಲ.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಎಲ್ಲರ ಮುಂದೆ ಆ ಕಥೆ ಹೇಳ್ತಿದ್ರಲ್ಲ, ಮೊದಮೊದಲು ಮರ್ಯಾದೆಗೆ ಹೇಳ್ತಿದೀರಾ ಅಂದ್ಕೊಂಡೆ. ಆಮೇಲೆ ನೋಡಿದ್ರೆ ನಿಜವಾಗ್ಲೂ ನಂಬ್ಬಿಟ್ಟಿದ್ರಿ. ಹೇಗೆ ಹೇಳ್ಲಿ?" ಬಾಣಲೆಯನ್ನು ಪಕ್ಕಕ್ಕಿಟ್ಟು, "ಎಸ್ಸೇ ಕಳ್ಸೋಕೆ ಇನ್ನು ಮೂರೇ ದಿನ. ಫೈಲು ಸಿಗಲಿಲ್ಲ ಅಂತ ಹೇಳ್ಬಿಡಿ" ಎಂದಳು.

ಹೇಳಬಹುದಿತ್ತು. ಫೈಲನ್ನು ಜಾಕೆಟ್ಟಿನೊಳಗೆ ಇಟ್ಟುಕೊಂಡು ನಮ್ಮ ಬಡಾವಣೆಯನ್ನು ಮೂರು ಸುತ್ತು ಹಾಕಿದೆ. ಎದುರಿಗೆ ಬಂದ ನೆರೆಯವನು ನಾಯಿಯನ್ನು ತಡೆದು ಕೈ ಬೀಸಿದ. ಆ ಪ್ರಬಂಧದಿಂದ ಯಾರಿಗೆ ನಷ್ಟ ಎಂದು ಲೆಕ್ಕ ಹಾಕಿದೆ. ಟೀಚರಿಗೆ ಗೊತ್ತೇ ಆಗುವುದಿಲ್ಲ. ಕಾಲೇಜಿನವರು ಮೆಚ್ಚುತ್ತಾರೆ. ಮಗಳು ಮಾತ್ರ ತನ್ನ ಕಥೆಯೆಂದು ನಂಬಿರುವ ಸುಳ್ಳಿಗೆ ಸಹಿ ಹಾಕುತ್ತಾಳೆ, ನಾನು ಹಾಕಿದ ಹಾಗೆಯೇ.

ಅವಳು ಬಂದ ಮೇಲೆ ಲ್ಯಾಪ್‌ಟಾಪಿನ ಪಕ್ಕ ಫೈಲಿಟ್ಟು, ಎದುರಿನ ಕುರ್ಚಿಯಲ್ಲಿ ಕೂತೆ. ಅವಳು ಬೇಗ ಓದುವವಳು. ಅಂದು ನಿಧಾನವಾಗಿ ಓದಿದಳು. ಎರಡನೆಯ ಹಾಳೆಯಲ್ಲಿ ನಿಂತು, ಬೆರಳಿಟ್ಟು, ಆ ಪದವನ್ನು ಟೀಚರು ಬರೆದ ಹಾಗೆಯೇ ಜೋರಾಗಿ ಓದಿದಳು. "ಆ-ನೇ. ಇದು ನಿಜವಾದ ಪದವಾ?"

"ಹೌದು. ಆನೆ. ನೀನು ಸರಿಯಾಗೇ ಹೇಳಿದ್ದೆ."

"ಆದ್ರೂ ನೀನು ಅಲ್ಲ ಅಂದೆ."

"ಅಂದೆ."

ಅವಳು ಅಳಲಿಲ್ಲ, ಕೂಗಲಿಲ್ಲ. "ಅವರು ಹೇಗೂ ಹರಿದು ಹಾಕ್ತಿದ್ರು. ಬಿಟ್ಟುಬಿಡಬಹುದಿತ್ತಲ್ಲ ನೀನು" ಎಂದಳು. ಅದು ಆರೋಪವೋ, ಕೃತಜ್ಞತೆಯೋ ನನಗೆ ಇಂದಿಗೂ ತಿಳಿದಿಲ್ಲ. ಇಂಗ್ಲಿಷಿನಲ್ಲಿ ಅವಳ ದನಿಯ ಏರಿಳಿತ ನನಗೆ ಪೂರ್ತಿ ಹಿಡಿಯುವುದಿಲ್ಲ.

ಮೂರು ದಿನಗಳಲ್ಲಿ ಬೇರೊಂದು ಪ್ರಬಂಧ ಬರೆದು ಕಳಿಸಿದಳು. ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುವುದರ ಬಗ್ಗೆಯಂತೆ. ನನಗೆ ತೋರಿಸಲಿಲ್ಲ. ಮೊದಲಿನದರಷ್ಟು ಚೆನ್ನಾಗಿರಲಿಲ್ಲ ಎಂದು ಅವಳ ಅಮ್ಮ ಹೇಳಿದಳು. ಫೈಲು ಅವಳ ಕೋಣೆಯಲ್ಲೇ ಇದೆ.

ನನ್ನ ನೆನಪು ಇನ್ನೂ ತಿದ್ದಿಕೊಂಡಿಲ್ಲ. ಕಣ್ಣು ಮುಚ್ಚಿದರೆ ಈಗಲೂ ಕಿಟಕಿಯಾಚೆ ಹಿಮ ಬೀಳುತ್ತದೆ, ಹಳದಿ ಸ್ವೆಟರಿನ ಆಕೆ ಇಂಗ್ಲಿಷ್ ಮಾತ್ರ ಆಡಿ ಎನ್ನುತ್ತಾಳೆ. ಆ ಸ್ವೆಟರು ಇತ್ತೋ ಇಲ್ಲವೋ ಅದನ್ನೂ ಹೇಳಲಾರೆ.

ಜನವರಿಯಲ್ಲಿ ಪ್ಲಿಮತ್‌ನ ಒಂದು ಮನೆಯಲ್ಲಿ ಸಂಕ್ರಾಂತಿಯ ಪಾಟ್‌ಲಕ್. ಎಳ್ಳುಬೆಲ್ಲದ ತಟ್ಟೆ ಹಿಡಿದು ಬಂದ ಆಂಟಿಯೊಬ್ಬರು ಮಗಳನ್ನು ಕನ್ನಡದಲ್ಲಿ ಮಾತಾಡಿಸಿ, ಉತ್ತರ ಬರದಿದ್ದಾಗ ನನ್ನ ಕಡೆ ತಿರುಗಿದರು. "ಅಯ್ಯೋ, ಇಷ್ಟು ಲಕ್ಷಣವಾಗಿದಾಳೆ, ಕನ್ನಡ ಬರಲ್ವಾ? ಯಾಕ್ರೀ?"

ಮಗಳು ನನ್ನ ಬಾಯನ್ನೇ ನೋಡುತ್ತಿದ್ದಳು.

"ನಾನೇ ನಿಲ್ಲಿಸಿದ್ದು ಆಂಟಿ. ಸ್ಕೂಲಿನವರು ಮುಂದುವರಿಸಿ ಅಂದ್ರು, ನಾನು ಬೇಡ ಅಂದೆ."

"ಹೋಗ್ರೀ, ತಮಾಷೆ ಮಾಡ್ತೀರಾ" ಎಂದು ನಕ್ಕು ಅವರು ಮುಂದಿನವರಿಗೆ ತಟ್ಟೆ ಹಿಡಿದರು.

ಮಗಳು ನನ್ನ ತೋಳು ಮುಟ್ಟಿ ಕೇಳಿದಳು: "ಅವರಿಗೆ ಏನು ಹೇಳಿದೆ? ಮತ್ತೆ ಅದೇ ಕಥೆನಾ?"

ಎಲ್ಲವನ್ನೂ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಬೇಕಾಯಿತು.