ಕಿವಿ ಮಾವ

ಕೈಗಡಿಯಾರಗಳ ಮೇಳಕ್ಕೆ ಪ್ರತಿವರ್ಷ ತಪ್ಪದೆ ಬರುವ ಈ ಹಿರಿಯರನ್ನು ಎಲ್ಲರೂ ಕಿವಿ ಮಾವ ಎನ್ನುತ್ತಾರೆ. ದೊಡ್ಡ ಕಂಪನಿಗಳ ಝಗಮಗಿಸುವ ಮಳಿಗೆಗಳತ್ತ ಅವರು ಕಣ್ಣೆತ್ತಿಯೂ ನೋಡುವುದಿಲ್ಲ. "ಅಲ್ಲಿ ಮಾರೋರು ಸಿಗ್ತಾರೆ, ಮಾಡೋರು ಸಿಗಲ್ಲ" ಎನ್ನುತ್ತಾ ನೆಟ್ಟಗೆ ಹಿಂದಿನ ಹಜಾರಕ್ಕೆ ನಡೆಯುತ್ತಾರೆ. ಅಲ್ಲಿ ಮುಳ್ಳಿನಿಂದ ಹಿಡಿದು ಸ್ಕ್ರೂವರೆಗೆ ಎಲ್ಲವನ್ನೂ ತಾವೇ ಮಾಡುವ ಒಂಟಿ ಕಸುಬುದಾರರು ಒಂದೊಂದು ಮೇಜು ಹಾಕಿಕೊಂಡು ಕೂತಿರುತ್ತಾರೆ. ಮಾವ ಬೆಲೆ ಕೇಳುವುದಿಲ್ಲ, ಅಂದಚೆಂದ ನೋಡುವುದಿಲ್ಲ. ಗಡಿಯಾರವನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚುತ್ತಾರೆ, ಇಡೀ ಹಜಾರ ಕೆಮ್ಮಲೂ ಹೆದರುತ್ತದೆ. "ಇದಕ್ಕೆ ಸ್ವಲ್ಪ ನೆಗಡಿ" ಎಂದರೆ, ಬಿಚ್ಚಿ ನೋಡಿದವರಿಗೆ ಒಳಗೆ ಧೂಳಿನ ಎಳೆ ಸಿಕ್ಕೇ ಸಿಗುತ್ತಿತ್ತು. "ಉಸಿರು ಚೆನ್ನಾಗಿದೆ" ಎಂದರೆ ಮಾಡಿದವರಿಗೆ ವರ್ಷವಿಡೀ ಕೋಡು. ಈಚೆಗಂತೂ ಮಾವ ಮೆತ್ತಗಾಗಿದ್ದಾರೆ, ಯಾವ ಗಡಿಯಾರಕ್ಕೂ ನೆಗಡಿ ಎನ್ನುವುದಿಲ್ಲ. ಈ ಸಲ ಅವರು ಹೊಸದಾಗಿ ಬಂದ ಒಬ್ಬ ತರುಣಿಯ ಮೇಜಿನ ಮುಂದೆ ನಿಂತರು. ಗಾಬರಿಯಲ್ಲಿ ಅವಳು ಕೀ ಕೊಡುವುದನ್ನೇ ಮರೆತು ಗಡಿಯಾರವನ್ನು ಅವರ ಕೈಗಿಟ್ಟಳು. ಮಾವ ಬಹಳ ಹೊತ್ತು ಕೇಳಿ, "ಉಸಿರು ಚೆನ್ನಾಗಿದೆ ಕಣಮ್ಮ" ಎಂದರು. ವಾಪಸು ತೆಗೆದುಕೊಂಡಾಗ ಅವಳು ನೋಡಿದಳು, ಮುಳ್ಳು ಅಲುಗಾಡುತ್ತಿರಲಿಲ್ಲ. ಕಿವಿ ಮಾವನ ಕಿವಿ ಯಾವತ್ತು ಕೈಕೊಟ್ಟಿತೋ ಏನೋ. ಪಕ್ಕದ ಮೇಜಿನ ಗಡ್ಡದವನು ನಿಂತ ಮುಳ್ಳನ್ನು ಕಂಡು ಕಿಸಕ್ಕೆಂದ. ಅವಳು ಅವನನ್ನು ಒಮ್ಮೆ ದುರುಗುಟ್ಟಿ ನೋಡಿದಳು. "ನೀವು ಹೇಳಿದ್ಮೇಲೆ ಮುಗೀತು ಮಾವ" ಎಂದಳು. ಅವಳ ತುಟಿಯನ್ನೇ ನೋಡುತ್ತಿದ್ದ ಮಾವ ತಲೆಯಾಡಿಸಿ ಮುಂದಿನ ಮೇಜಿಗೆ ಹೊರಳಿದರು. ಗಡ್ಡದವನು ಎದ್ದು ನಿಂತು, ತನ್ನ ಗಡಿಯಾರವನ್ನು ಎರಡೂ ಕೈಯಲ್ಲಿ ಹಿಡಿದು, "ನಂದೂ ಒಂಚೂರು ಕೇಳಿ ಮಾವ" ಎಂದ.